ಎಡಗಿವಿ ಸೀಳು, ಬಲಗಿವಿಗೆ ಎರಡು ಕಚ್ಚು

ಎದುರಿನ ಅಂಗಡಿಯ ಮುಂದೆ ಬಿಟ್ಟ ಚಪ್ಪಲಿಗಳನ್ನು ಎಣಿಸುವ ಚಟ ನನಗೆ ಆ ವರ್ಷ ಹತ್ತಿತ್ತು. ಸುರಪುರದ ಉಪನೋಂದಣಿ ಕಚೇರಿಯ ಸಾಲಿನಲ್ಲಿ ನಾನು ದಸ್ತಾವೇಜು ಬರೆಯುತ್ತೇನೆ. ಖರೀದಿ ಪತ್ರ, ಆಸ್ತಿ ಹಂಚಿಕೆಯ ವಾಟ್ನಿ ಪತ್ರ, ಮೃತ್ಯುಪತ್ರ, ಏನು ಬೇಕಾದರೂ. ಜನ ರೈಟರ್ ಸಾಹೇಬ್ರು ಎನ್ನುತ್ತಾರೆ. ರಸ್ತೆಯ ಆಚೆ ಅಂಗಡಿ ಹಾಕಿದವನು ನನ್ನ ಬಳಿ ಆರು ವರ್ಷ ಟೈಪಿಸ್ಟ್ ಆಗಿದ್ದವನು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅವನ ಮೆಟ್ಟಿಲ ಕೆಳಗೆ ಹದಿನಾಲ್ಕು ಜೊತೆ ಚಪ್ಪಲಿ ಇರುತ್ತಿದ್ದವು. ನನ್ನ ಮೆಟ್ಟಿಲ ಕೆಳಗೆ ಮೂರು, ಅದರಲ್ಲಿ ಒಂದು ನನ್ನದೇ.

ಅವನು ಬಿಟ್ಟು ಹೋದದ್ದಕ್ಕೆ ನನಗೆ ಸಿಟ್ಟಿರಲಿಲ್ಲ. ಹೋಗಿ ಎದುರಿಗೇ ಕೂತದ್ದನ್ನೂ ಹೇಗೋ ನುಂಗಿಕೊಂಡಿದ್ದೆ. ಆದರೆ ಅವನು ವಿಡಿಯೊ ಮಾಡಿ ಮೊಬೈಲಿನಲ್ಲಿ ಬಿಡತೊಡಗಿದ. ಹೊಲ ಕೊಳ್ಳುವ ಮುಂಚೆ ಪಹಣಿಯಲ್ಲಿ ಏನು ನೋಡಬೇಕು, ಅಣ್ಣತಮ್ಮಂದಿರು ವಾಟ್ನಿ ಹೇಗೆ ಬರೆಸಬೇಕು, ಹೀಗೆ. ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಬೆನ್ನ ಹಿಂದೆ ಕಪಾಟಿನ ತುಂಬ ಕಾನೂನಿನ ಪುಸ್ತಕ. ಆ ಪುಸ್ತಕಗಳನ್ನು ಅವನು ಓದಿಲ್ಲವೆಂದು ನನಗೆ ಖಾತ್ರಿ ಇತ್ತು, ಯಾಕೆಂದರೆ ನನ್ನ ಕಪಾಟಿನವನ್ನು ನಾನೂ ಓದಿಲ್ಲ. ಹುಣಸಗಿ ಬಸ್ಸಿನಲ್ಲಿ ಕೂತರೆ ಹಿಂದಿನ ಸೀಟಿನಿಂದ ಅವನ ದನಿ ಬರುತ್ತಿತ್ತು. ನನ್ನ ಹೆಂಡತಿಯ ತಮ್ಮ ಕೂಡ ಅವನ ವಿಡಿಯೊ ನೋಡುತ್ತಿದ್ದ. ಇದನ್ನು ಹೊಟ್ಟೆಕಿಚ್ಚು ಎನ್ನುವುದಾದರೆ ಅದೇ ಸರಿಯಾದ ಹೆಸರು, ನಾನು ಬೇರೆ ಹೆಸರು ಹುಡುಕುವುದಿಲ್ಲ.

ಒಂದು ದಿನ ಹುಣಸಗಿಯ ರೈತನೊಬ್ಬ ಖರೀದಿ ಪತ್ರದ ಕರಡನ್ನು ತಾನೇ ಪ್ರಿಂಟ್ ಹಾಕಿಸಿಕೊಂಡು ಬಂದ.

“ರೈಟರ್ ಸಾಹೇಬ್ರ, ಬರಿಯೋದು ಏನೂ ಇಲ್ರಿ. ಹೆಸರಷ್ಟ ತುಂಬಿ, ಛಾಪಾ ಕಾಗದದ ಕೆಲಸ ಮಾಡಿಕೊಡ್ರಿ. ಎದುರಿನವರ ಅಂಗಡ್ಯಾಗ ಗದ್ದಲ ಭಾಳ ಅದ. ಅವ್ರ ವಿಡಿಯೊ ಕೆಳಗ ಪುಕ್ಕಟ ಸಿಕ್ಕದ ಇದು.”

ಓದಿದೆ. ಎರಡನೆಯ ಪುಟದ ಒಂದು ಸಾಲಿನ ಮೇಲೆ ಬೆರಳಿಟ್ಟು ಮತ್ತೆ ಓದಿದೆ. “ಸದರಿ ಜಮೀನಿಗೆ ತೂಬಿನಿಂದ ಹೊಲಗಾಲುವೆಯ ಮೂಲಕ ಬರುವ ನೀರಿನ ಸರದಿಯು ಜಮೀನಿನೊಂದಿಗೇ ಖರೀದಿದಾರರಿಗೆ ಸಂದಿರುತ್ತದೆ, ಮೇಲಿನ ಹೊಲದ ಬಸಿನೀರು ಹರಿದು ಹೋಗಲು ಈಗಿರುವ ದಾರಿಯನ್ನು ಯಾರೂ ಮುಚ್ಚತಕ್ಕದ್ದಲ್ಲ.” ಇದು ನನ್ನ ಕಲಂ. ಕಾಲುವೆ ಬರುವ ಮುಂಚೆ ನಮ್ಮ ಪತ್ರಗಳಲ್ಲಿ ನಾಲ್ಕು ದಿಕ್ಕಿನ ಚೆಕ್ಕುಬಂದಿ ಬರೆದರೆ ಮುಗಿಯುತ್ತಿತ್ತು. ನೀರು ಬಂದ ಮೇಲೆ ಹೊಲ ಮಾರಿದವರು ಸರದಿ ಮಾರಿಲ್ಲ ಎನ್ನತೊಡಗಿದರು, ಮೇಲಿನ ಹೊಲದ ಭತ್ತದ ನೀರು ಬಸಿದು ಕೆಳಗಿನ ಹೊಲದ ಹತ್ತಿ ಕೊಳೆಯತೊಡಗಿತು. ಕಕ್ಕೇರಾದ ಎರಡು ಮನೆಗಳು ಇದೇ ಕಾರಣಕ್ಕೆ ಹೊಡೆದಾಡಿ ನನ್ನ ಮುಂದೆ ಬಂದು ಕೂತಾಗ ನಾನು ಈ ಕಲಂ ಕೂಡಿಸಿದೆ. ಸುತ್ತಿನ ಯಾವ ರೈಟರನ ಪತ್ರದಲ್ಲೂ ಅದು ಇರಲಿಲ್ಲ. ಪತ್ರದ ಕೊನೆಗೆ ‘ಬಿಕಲಂ’ ಎಂದು ಬರೆದು, ಬರೆದವನು ತನ್ನ ಹೆಸರು ಹಾಕುವುದು ನಮ್ಮ ಕಸುಬಿನ ರೂಢಿ. ಅಲ್ಲಿ ಅವನ ಹೆಸರಿತ್ತು, ಪಕ್ಕಕ್ಕೆ ಫೋನ್ ನಂಬರು.

ಅಂದು ಮಧ್ಯಾಹ್ನ ಮನೆಗೆ ಹೋಗಿ ಅವನ ವಿಡಿಯೊ ಕೆಳಗಿನ ಕೊಂಡಿ ತೆರೆದು ನೋಡಿದೆ. ಮೂವತ್ತೆಂಟು ನಮೂನೆಗಳಿದ್ದವು. ಮೂವತ್ತೊಂದು ನನ್ನವು.

“ನಿಮ್ಮದೇನು ಹೋತೀಗ? ಕೈ ಹೋತಾ, ಕಣ್ಣು ಹೋತಾ?” ಎಂದಳು ಹೆಂಡತಿ.

“ನನ್ನ ಮಾತು ಹೋತು.”

“ಹೋಗ್ಲಿ ಬಿಡ್ರಿ. ಮನ್ಯಾಗ ಇನ್ನ ಭಾಳ ಉಳದಾವ.”

ಮರುದಿನ ಬೆಳಿಗ್ಗೆಯೇ ಯಾದಗಿರಿ ಬಸ್ಸು ಹತ್ತಿದೆ. ಅಲ್ಲಿಯ ಒಬ್ಬ ವಕೀಲೆ ಹಕ್ಕುಸ್ವಾಮ್ಯದ ಕೇಸು ನಡೆಸಿದ್ದಾರೆಂದು ಕೇಳಿದ್ದೆ. ಅವರು ಎರಡೂ ಕರಡುಗಳನ್ನು ಅಕ್ಕಪಕ್ಕ ಇಟ್ಟು ಓದಿದರು. “ನೋಡ್ರಿ, ‘ಈ ಮೂಲಕ ಬರೆದುಕೊಟ್ಟ ಖರೀದಿ ಪತ್ರ’ ಅನ್ನೋದು ಯಾರಪ್ಪಂದೂ ಅಲ್ಲ. ಆದ್ರ ನೀವ ಕಟ್ಟಿದ ಮಾತು, ನೀವ ಜೋಡಿಸಿದ ಕ್ರಮ, ಅದಕ್ಕ ಹಕ್ಕು ಕೇಳಬಹುದು. ಮೊದಲು ಬರದಾಂವ ನೀವ ಅಂತ ಸಾಬೀತಾಗ್ಬೇಕು” ಎಂದರು. ವಿಡಿಯೊ ಇಟ್ಟುಕೊಂಡ ಕಂಪನಿಗೆ ಲಿಖಿತ ದೂರು ಕೊಟ್ಟರೆ ಅವರು ಮೂವತ್ತಾರು ಗಂಟೆಯೊಳಗೆ ತೆಗೆಯಬೇಕು. ಆದರೆ ಇಪ್ಪತ್ತೊಂದು ದಿನದೊಳಗೆ ಕೋರ್ಟಿನ ಆದೇಶ ಒಯ್ಯದಿದ್ದರೆ ಮತ್ತೆ ಹಾಕಬಹುದು. ಆದ್ದರಿಂದ ಯಾದಗಿರಿ ಜಿಲ್ಲಾ ನ್ಯಾಯಾಲಯದ ದಾವೆ ಸಿದ್ಧ ಮಾಡಿಕೊಂಡೇ ದೂರು ಕೊಡೋಣ, ಅದಕ್ಕೂ ಮುಂಚೆ ಅವನಿಗೊಂದು ನೋಟಿಸು ಹೋಗಲಿ ಎಂದರು. ನೋಟಿಸು ಅವನಿಗೆ ಮುಟ್ಟಿದ ದಿನ ನಾನು ಅಂಗಡಿಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತು, ಚಹಾ ಕುಡಿಯುತ್ತ ಅವನ ಮುಖ ನೋಡಿದೆ. ಮುಖ ಕಪ್ಪಿಟ್ಟಿತು. ಆ ಚಹಾದ ರುಚಿ ಈಗಲೂ ನೆನಪಿದೆ.

ಆಮೇಲೆ ಒಂದೊಂದೇ ಏಟು ಬೀಳತೊಡಗಿತು. ನನ್ನ ಹಳೆಯ ಕಂಪ್ಯೂಟರ್ ಕೆಟ್ಟಾಗ ಕಡತಗಳನ್ನೆಲ್ಲ ಹೊಸದಕ್ಕೆ ಹಾಕಿಸಿದ್ದೆ, ಹಳೆಯ ಡಿಸ್ಕನ್ನು ಗುಜರಿಗೆ ಕೊಟ್ಟಿದ್ದೆ. ಈಗ ನೋಡಿದರೆ ಎಲ್ಲ ಕಡತಗಳ ಮೇಲೂ ಹೊಸ ಕಂಪ್ಯೂಟರಿಗೆ ಬಂದ ದಿನದ್ದೇ ತಾರೀಖು. ಆ ಹೊತ್ತಿಗೆ ಅವನು ನನ್ನನ್ನು ಬಿಟ್ಟು ಎರಡು ತಿಂಗಳಾಗಿತ್ತು. “ಈ ತಾರೀಖು ನೋಡಿದ್ರ, ಅವರದನ್ನ ನೀವ ಕದ್ದೀರಿ ಅಂತ ಆಗ್ತದ” ಎಂದರು ವಕೀಲೆ. ಸರಿ, ನೋಂದಣಿಯಾದ ಹಳೆಯ ಪತ್ರಗಳ ದೃಢೀಕೃತ ನಕಲು ತೆಗೆಸಿದೆ. ಅರ್ಜಿ ಹಾಕಿ ಕಾಯ್ದು ಒಂಬತ್ತು ನಕಲು ಪಡೆದೆ. ಎಲ್ಲದರಲ್ಲೂ ಕಾಲುವೆಯ ಕಲಂ, ಎಲ್ಲದರ ಕೊನೆಗೆ ನನ್ನ ಬಿಕಲಂ. ಅಷ್ಟರಲ್ಲಿ ಅವನ ವಕೀಲರ ಉತ್ತರ ಬಂತು. ನೋಂದಣಿಯಾದ ಖರೀದಿ ಪತ್ರವನ್ನು ಯಾರು ಬೇಕಾದರೂ ನಕಲು ಪಡೆಯಬಹುದು, ತಮ್ಮ ಕಕ್ಷಿದಾರರು ಅಲ್ಲಿಂದ ಕಲಿತಿದ್ದಾರೆ. ಅಲ್ಲದೆ ಬಸಿನೀರಿನ ಸಾಲನ್ನು ಮೂಲತಃ ಹೇಳಿಕೊಟ್ಟವರೇ ತಮ್ಮ ಕಕ್ಷಿದಾರರು.

ವಕೀಲೆ ನನ್ನ ಮುಖ ನೋಡಿದರು. “ಇದು ಖರೇನ್ರಿ?”

ಖರೆ ಇತ್ತು. ಕಕ್ಕೇರಾದವರು ಬಂದಿದ್ದ ದಿನ ನಾನು ನೀರಿನ ಸರದಿಯ ತನಕ ಹೇಳಿ ನಿಲ್ಲಿಸಿದ್ದೆ. “ಕಾಕಾ, ಬಸಿನೀರಿಂದೂ ಒಂದು ಸಾಲು ಹಾಕೂಣೇನ್ರಿ?” ಎಂದು ಕೇಳಿ ಅವನೇ ಟೈಪ್ ಮಾಡಿದ್ದ. ನಾನು ಒಂದು ಶಬ್ದ ಬದಲಿಸಿದ್ದೆ. “ಸಂಬಳಕ್ಕ ಇದ್ದಾಂವ ಬರದದ್ದು ಮಾಲೀಕರದ್ದ ಆಗ್ತದ ಬಿಡ್ರಿ. ನೇಮಕದ ಕಾಗದ ಅದ?” ಎಂದರು ವಕೀಲೆ. ನಮ್ಮ ಸಾಲಿನಲ್ಲಿ ಟೈಪಿಸ್ಟನಿಗೆ ನೇಮಕದ ಕಾಗದ ಯಾರು ಕೊಡುತ್ತಾರೆ? ಊರಿಗೆಲ್ಲ ಕರಾರು ಬರೆದುಕೊಡುವ ನಾನು ಅವನ ಜೊತೆ ಒಂದು ಚೀಟಿ ಕೂಡ ಬರೆದುಕೊಂಡಿರಲಿಲ್ಲ.

“ಯಾವ ಸರ್ಕಾರಿ ದಫ್ತರದಾಗೂ ಸಿಗಲಾರದಂಥಾದ್ದು, ನಿಮ್ಮ ಕಂಪ್ಯೂಟರಿನ್ಯಾಗ ಅಷ್ಟ ಇದ್ದದ್ದು ಒಂದು ಹುಡುಕ್ರಿ” ಎಂದು ಕಳಿಸಿದರು.

ಮೂರು ದಿನ ಅವನ ಮೂವತ್ತೆಂಟನ್ನೂ ಸಾಲುಸಾಲು ಓದಿದೆ. ಮೃತ್ಯುಪತ್ರದ ನಮೂನೆಯಲ್ಲಿ ಸಿಕ್ಕಿತು. ದೇವಾಪುರದ ಆಚೆಯ ಹಳ್ಳಿಯ ಒಬ್ಬ ವಿಧವೆ ಮುದುಕಿಗೆ ಹಿಂದೊಮ್ಮೆ ಮೃತ್ಯುಪತ್ರ ಬರೆದುಕೊಟ್ಟಿದ್ದೆ. ಕುರಿ ಸಾಕುವ ಮನೆತನ. ಅವಳಿಗೆ ತವರಿನಿಂದ ಬಂದ ಎರಡು ಎಕರೆ ಹೊಲ, ಈಗ ಕಾಲುವೆ ನೀರು ಹರಿಯುವ ಹೊಲ. ಅದನ್ನು ತೀರಿಹೋದ ಕಿರಿಯ ಮಗನ ಹೆಂಡತಿಗೆ ಬರೆದಿದ್ದಳು. ಕುರಿಯೆಲ್ಲ ದೊಡ್ಡ ಮಗನಿಗೆ. ಪತ್ರವನ್ನು ನೋಂದಣಿ ಮಾಡಿಸಲಿಲ್ಲ, ದೊಡ್ಡ ಮಗನಿಗೆ ತನ್ನ ಜೀವ ಇರುವ ತನಕ ಗೊತ್ತಾಗಬಾರದು ಎಂದಿದ್ದಳು. ಹೊಲಕ್ಕೆ ಸರ್ವೆ ನಂಬರು ಇದೆ, ಕುರಿಗೆ ಏನು ಬರೆಯುವುದು ಎಂದು ಯೋಚಿಸಿ ನಾನು ಹೀಗೆ ಬರೆದಿದ್ದೆ: “ಎಡಗಿವಿಯ ತುದಿ ಸೀಳಿದ, ಬಲಗಿವಿಗೆ ಎರಡು ಕಚ್ಚು ಇರುವ ಎಲ್ಲ ಕುರಿಗಳು.” ಆ ಸಾಲಿನ ಮೇಲೆ ನನಗೆ ಅಷ್ಟು ಅಭಿಮಾನವೆಂದರೆ, ಪತ್ರವನ್ನು ನಮೂನೆ ಮಾಡಿ ಇಟ್ಟುಕೊಳ್ಳುವಾಗ ಹೆಸರು, ಊರು, ಸರ್ವೆ ನಂಬರು ಎಲ್ಲ ಅಳಿಸಿ ಚುಕ್ಕಿ ಹಾಕಿದೆ, ಇದನ್ನು ಹಾಗೇ ಬಿಟ್ಟೆ. ಈಗ ಅವನ ನಮೂನೆಯಲ್ಲಿ ಅದೇ ಸೀಳು, ಅದೇ ಎರಡು ಕಚ್ಚು. ಕಳ್ಳ ಸಿಕ್ಕಿಬಿದ್ದಿದ್ದ. ಅಂದು ನಾನು ಎರಡು ರೊಟ್ಟಿ ಹೆಚ್ಚಿಗೆ ಉಂಡೆ.

ಸುಮ್ಮನಿರಬೇಕಿತ್ತು, ಇರಲಿಲ್ಲ. ಮರುದಿನ ಪಹಣಿ ತಿದ್ದುಪಡಿಗೆ ಬಂದಿದ್ದ ಒಬ್ಬ ಕುರಿಗಾಹಿ ಬೆಂಚಿನ ಮೇಲೆ ಕೂತಿದ್ದ. ನನ್ನ ಬರಹದ ಬಿಗಿ ಹೇಗಿರುತ್ತದೆಂದು ತೋರಿಸಲು ಆ ಭಾಗವನ್ನು ಅವನಿಗೆ ಓದಿ ಹೇಳಿದೆ. ಹೊಲ ಕಿರಿಯ ಸೊಸೆಗೆ, ಕುರಿ ಹಿರಿಯ ಮಗನಿಗೆ, ಕಿವಿಯ ಗುರುತು ಇಂಥದ್ದು.

“ಇದು ದೇವಾಪುರದಾಚಿ ಮುದುಕಿ ಕುರಿ ಅಲ್ಲೇನ್ರಿ?” ಎಂದ ಅವನು.

“ಹೆಸರ ಇಲ್ಲಲ್ಲೋ ಇದರಾಗ?”

“ಹೆಸರ ಯಾಕ್ರಿ ಬೇಕು? ಈ ಸುತ್ತಿನ್ಯಾಗ ಈ ಗುರ್ತು ಅದೊಂದ ಮನಿದು. ಕುರಿ ತಪ್ಪಿಸಿಕೊಂಡು ನಮ್ಮ ಹಿಂಡಿಗಿ ಬಂದ್ರ ಕಿವಿ ನೋಡೇ ಅವ್ರ ಮನಿಗಿ ಹೊಡೀತೀವಿ.” ಅವನು ಬೆಂಚಿನ ತುದಿಗೆ ಸರಿದ. “ಹಂಗಾರ ಹೊಲ ಸಣ್ಣ ಸೊಸಿಗಿ ಹೊಂಟದ? ದೊಡ್ಡಾಂವ ಆ ಹೊಲ ತನ್ನದ ಅಂತ ಊರ ತುಂಬ ಹೇಳಕೋತ ತಿರಗಾಕತ್ತಾನಲ್ರಿ!”

ಯಾರಿಗೂ ಹೇಳಬೇಡವೆಂದು ಅವನ ಕೈ ಹಿಡಿದುಕೊಂಡೆ. “ನಾ ಯಾಕ ಹೇಳ್ಲಿರಿ” ಎಂದ. ಆದರೆ ಎದ್ದು ಹೋಗುವ ಅವಸರ ಅವನ ಕಾಲಲ್ಲಿ ಕಾಣುತ್ತಿತ್ತು. ಮುದುಕಿ ಇರುವುದು ಆ ದೊಡ್ಡ ಮಗನ ಮನೆಯಲ್ಲೇ. ವಿಷಯ ತಿಳಿದರೆ ಅವನು ಅವಳ ಹೆಬ್ಬೆಟ್ಟು ಹಿಡಿದು ಬೇರೆ ಪತ್ರಕ್ಕೆ ಒತ್ತಿಸುವುದು ಎಷ್ಟರ ಕೆಲಸ? ಆ ಸೊಸೆಗೆ ಬೇರೆ ಗೇಣು ನೆಲವೂ ಇರಲಿಲ್ಲ.

ವಕೀಲೆಗೆ ಫೋನ್ ಮಾಡಿದೆ. “ಹೆಸರು ತಗದ್ರ ಸಾಲಂಗಿಲ್ರಿ. ಓದಿದವರಿಗೆ ಯಾರು ಅಂತ ಗೊತ್ತಾದ್ರ ಅದು ಅವ್ರ ಖಾಸಗಿ ಮಾಹಿತಿನೇ” ಎಂದರು. “ದಾವೆ ಹಾಕಿದ್ರ ಇದು ನಮ್ಮ ಮೊದಲನೇ ದಾಖಲೆ. ಎದುರಿನವರಿಗೆ ನಕಲು ಕೊಡಲೇಬೇಕು. ಲಕೋಟೆ ಮುಚ್ಚಿ ಕೊಡತೀವಿ ಅಂತ ಕೇಳಬಹುದು, ಕೋರ್ಟ್ ಒಪ್ಪತದ ಅಂತ ನಾ ಹೇಳಾಂಗಿಲ್ಲ. ಇದಿಲ್ಲದ ನಿಮ್ಮ ಕೇಸು ಕುಂಟ್ತದ. ನೀವ ವಿಚಾರ ಮಾಡ್ರಿ.”

ಒಂದು ದಿನ ಪೂರ್ತಿ ವಿಚಾರ ಮಾಡಿದೆ. ಆ ದಿನದ ಬಗ್ಗೆ ಹೇಳಲು ನಾಚಿಕೆಯಾಗುತ್ತದೆ. ನಮೂನೆಯನ್ನು ಹೊರಗೆ ಹಾಕಿದವನು ಅವನು, ಹಾಗಾದರೆ ತಪ್ಪು ಅವನದೇ ಎಂದು ಮನಸ್ಸು ಹೇಳಿತು. ಮುದುಕಿಯಿಂದಲೇ ಅವನ ಮೇಲೆ ಪೊಲೀಸ್ ದೂರು ಕೊಡಿಸಿದರೆ ಹೇಗೆ ಎನ್ನಿಸಿ, ಅವಳ ಹೆಸರಿನಲ್ಲಿ ಕರಡನ್ನೂ ಬರೆಯಲು ಕೂತೆ. ಸೊಗಸಾಗಿ ಸಾಗಿತ್ತು. ಸದರಿ ಕಡತವು ಆರೋಪಿಗೆ ಎಲ್ಲಿಂದ ದೊರೆಯಿತು ಎಂಬಲ್ಲಿಗೆ ಬಂದೆ. ರೈಟರನ ಕಂಪ್ಯೂಟರಿನಿಂದ. ಇನ್ನೊಬ್ಬರ ಮೃತ್ಯುಪತ್ರವನ್ನು ಅವಳನ್ನು ಕೇಳದೆ ನಮೂನೆ ಮಾಡಿ ಇಟ್ಟವರು ಯಾರು? ಅಲ್ಲಿ ಬೆರಳು ನಿಂತವು. ಕರಡು ಅಳಿಸಿ, ಅಂಗಡಿಯ ಬಾಗಿಲು ಎಳೆದು, ರಸ್ತೆ ದಾಟಿದೆ.

ಅವನ ಅಂಗಡಿ ತುಂಬಿತ್ತು. ನನ್ನನ್ನು ಕಂಡವನೇ ಕುರ್ಚಿ ಬಿಟ್ಟೆದ್ದು “ಬರ್ರಿ ಕಾಕಾ, ಕುಂದರ್ರಿ” ಎಂದ. ಎದ್ದು ನಿಂತದ್ದನ್ನೂ ನನಗೆ ಸಹಿಸಲಾಗಲಿಲ್ಲ. ಇಷ್ಟು ಜನರೆದುರು ದೊಡ್ಡವನಾಗಲು ಅವನಿಗೆ ಇನ್ನೊಂದು ಅವಕಾಶ. ಒಳಗಿನ ಕೋಣೆಗೆ ಕರೆದು ಹೇಳಿದೆ.

“ಮೃತ್ಯುಪತ್ರದ ನಮೂನಿ ಈಗಿಂದೀಗ ತಗಿ. ಒಬ್ಬರ ಮನಿ ಸುದ್ದಿ ಅದರಾಗ ಉಳದದ. ಕುರಿ ಕಿವಿ ಗುರ್ತು.”

ಅವನು ಲ್ಯಾಪ್‌ಟಾಪ್ ತೆರೆದು ಓದಿದ, ಹಣೆ ಬಡಿದುಕೊಂಡ. “ಇದನ್ನ ಟೈಪ್ ಮಾಡಿದಾಂವ ನಾನ ಅಲ್ಲೇನ್ರಿ ಕಾಕಾ? ಆ ಯವ್ವ ಬಂದು ಕುಂತದ್ದು ಕಣ್ಣಾಗ ಕಟ್ಟಿದಂಗದ. ನನ್ನ ಲಕ್ಷ್ಯಕ್ಕೂ ಬರಲಿಲ್ಲಲ್ಲ!” ಕಡತ ತೆಗೆದ. ಕೊಂಡಿ ಮುರಿದ. ತನ್ನ ಗುಂಪುಗಳಿಗೆಲ್ಲ, ಮೃತ್ಯುಪತ್ರದ ನಮೂನೆಯಲ್ಲಿ ದೋಷವಿದೆ, ಯಾರೂ ಬಳಸಬಾರದು, ಇಳಿಸಿಕೊಂಡವರು ಅಳಿಸಿರಿ ಎಂದು ಸುದ್ದಿ ಹಾಕಿದ. ಎಷ್ಟು ಜನ ಇಳಿಸಿಕೊಂಡಿದ್ದಾರೋ ಅವನಿಗೂ ಗೊತ್ತಿರಲಿಲ್ಲ. ಹತ್ತು ನಿಮಿಷದ ಕೆಲಸ. ನಾನು ಆ ಹತ್ತು ನಿಮಿಷವೂ ಅವನ ಹೊಸ ಪ್ರಿಂಟರನ್ನು ನೋಡುತ್ತ ನಿಂತಿದ್ದೆ.

“ನೋಟಿಸಿಂದು ಹೆಂಗ್ರಿ?” ಎಂದ.

“ವಾಪಸ್ ತಗೋತೀನಿ.”

“ಬರದು ಕೊಡ್ರಿ. ಮತ್ತ, ಬಸಿನೀರಿನ ಸಾಲು ನಂದು ಅಂತ ಅದರಾಗ ಒಂದು ಮಾತು ಹಾಕ್ರಿ, ಸಾಕು.” ಅವನ ದನಿ ಸಣ್ಣದಾಗಿತ್ತು. “ಆರು ವರ್ಷ ಅದನ್ನ ಟೈಪ್ ಮಾಡಿ ಮಾಡಿ ಕೆಳಗ ನಿಮ್ಮ ಬಿಕಲಂ ಹೊಡದೀನಿ ಕಾಕಾ. ಪ್ರತಿ ಸಲ ಹೊಟ್ಟಿ ಉರೀತಿತ್ತು.”

ನಾನು ಅಲ್ಲಿಯ ತನಕ ಹೊಟ್ಟೆ ಉರಿಯುವುದು ನನಗೊಬ್ಬನಿಗೇ ಎಂದುಕೊಂಡಿದ್ದೆ. ಬರೆದುಕೊಟ್ಟೆ.

ಮುದುಕಿಗೆ ಹೇಳುವುದು ಬಾಕಿ ಇತ್ತು. ಮರುದಿನ ದೇವಾಪುರದಲ್ಲಿ ಬಸ್ಸಿಳಿದು, ಕಾಲುವೆಯ ದಂಡೆ ಹಿಡಿದು ನಡೆದೆ. ದೊಡ್ಡ ಮಗ ಕುರಿ ಹೊಡೆದುಕೊಂಡು ಹೋಗಿದ್ದ. ಅವಳು ಅಂಗಳದಲ್ಲಿ ಕೂತು ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು.

“ಯವ್ವಾ, ನನ್ನಿಂದ ತಪ್ಪಾಗ್ಯದ” ಎಂದು ಶುರುಮಾಡಿ, ಮೃತ್ಯುಪತ್ರದ ಮಾತು ಹೊರಬಿದ್ದದ್ದನ್ನು ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

“ಕುರಿ ಕಾಯೋರು ಎಷ್ಟ್ ಮಂದಿ ಓದ್ಯಾರ?”

“ಒಬ್ಬಾಂವಗ ನಾನ ಓದಿ ಹೇಳೀನಿ.”

“ಹಂಗಾರ ಎಲ್ಲಾರೂ ಓದಿದಂಗಾತು.” ಒಂದು ಹಿಡಿ ಕಾಯಿ ಬುಟ್ಟಿಗೆ ಹಾಕಿದಳು. “ನಾ ಸತ್ತ ಮ್ಯಾಲ ಆಗೋ ಜಗಳ ನಾ ಇದ್ದಾಗ ಆಗ್ತದ, ಆಗ್ಲಿ. ಈಗ ಕೊಟ್ಟುಬಿಟ್ರ? ಆಮ್ಯಾಲ ಯಾರೂ ಹರಿಯಾಕ ಬರಂಗಿಲ್ಲಲ್ಲ?”

ದಾನಪತ್ರ ಬರೆದು, ಸೊಸೆ ಒಪ್ಪಿಕೊಂಡು, ನೋಂದಣಿಯಾದರೆ ಹೊಲ ಅಂದೇ ಅವಳದು, ನೀನೂ ಸುಮ್ಮಸುಮ್ಮನೆ ವಾಪಸ್ ಪಡೆಯಲಾರೆ ಎಂದು ತಿಳಿಸಿ ಹೇಳಿದೆ. ಇಷ್ಟಾದ ಮೇಲೆ ನೀನು ಈ ಮನೆಯಲ್ಲಿರುವುದು ಕಷ್ಟವಾದೀತು ಎಂದೂ ಹೇಳಿದೆ.

“ಸೊಸಿ ಮನಿ ಏನ್ ದೂರ ಅದ. ಮಾಡಸು.”

“ನಾಳೆನ ಬರದುಕೊಡ್ತೀನಿ ಯವ್ವಾ. ಒಂದು ಪೈಸಾ ಬ್ಯಾಡ.”

ಈಗ ಅವಳ ಕೈ ನಿಂತಿತು. “ನೀ ಬರೀಬ್ಯಾಡ ತಮ್ಮಾ. ಅವತ್ತ ಬಾಜೂ ಕುಂತು ಟೈಪ್ ಮಾಡ್ತಿದ್ನಲ್ಲ, ಅವಗ ಹೇಳು. ನಿನ್ನ ಪೆಟ್ಟಿಗ್ಯಾಗ ನಂದು ಇನ್ನ ಏನೂ ಇರೋದು ಬ್ಯಾಡ. ನೀ ಬೇಕಾದ್ರ ಸಾಕ್ಷಿ ಹಾಕು.”

ಮೊಬೈಲಿಗೆ ಹಾಕಿ ಹಂಚಿದವನು ಅವನೇ ಎಂದು ಹೇಳಲು ನನ್ನ ಬಾಯಿ ತೆರೆದುಕೊಂಡಿತು. ನನ್ನ ತಪ್ಪನ್ನು ಹೇಳುವಾಗ ಅವನ ಪಾಲನ್ನು ಹೇಗೋ ಬಿಟ್ಟು ಹೇಳಿದ್ದೆ. ಈಗ ಹೇಳಿದರೆ ಕೆಲಸ ನನಗೆ ಬರುತ್ತಿತ್ತೇನೋ. ಅಥವಾ ಮುದುಕಿ ಯಾರನ್ನೂ ನಂಬದೆ ಸುಮ್ಮನೆ ಕೂತುಬಿಡುತ್ತಿದ್ದಳು, ಹೊಲ ದೊಡ್ಡವನ ಪಾಲಾಗುತ್ತಿತ್ತು. “ಹೂಂ ಯವ್ವಾ” ಎಂದು ಎದ್ದೆ.

ನಾಲ್ಕನೆಯ ದಿನ ಅತ್ತೆ ಸೊಸೆ ಇಬ್ಬರೂ ಬಂದು ಅವನ ಅಂಗಡಿಯಲ್ಲಿ ಕೂತರು. ಹಿಂದೆಯೇ ದೊಡ್ಡ ಮಗನೂ ಬಂದು ರಸ್ತೆಯಲ್ಲಿ ನಿಂತು ಕೂಗಾಡತೊಡಗಿದ. ಮುದುಕಿ ಅವನ ಕಡೆ ತಿರುಗಿ ನೋಡಲಿಲ್ಲ. ನನ್ನ ಹಳೆಯ ಟೈಪಿಸ್ಟ್ ದಾನಪತ್ರವನ್ನು ಇಬ್ಬರಿಗೂ ನಿಧಾನವಾಗಿ ಓದಿ ಹೇಳಿದ, ಆಮೇಲೆ ಸಾಕ್ಷಿಯ ಸಹಿಗೆಂದು ನನ್ನ ಮುಂದೆ ಇಟ್ಟ. ಓದದೆ ಸಹಿ ಹಾಕುವುದಿಲ್ಲ ಎಂದೆ. ಹದಿನೈದು ಜನ ನೋಡುತ್ತ ಕೂತಿದ್ದರು. ಸರ್ವೆ ನಂಬರು, ಚೆಕ್ಕುಬಂದಿ, ನೀರಿನ ಸರದಿ, ಬಸಿನೀರಿನ ದಾರಿ, ಮುದುಕಿ ಬದುಕಿರುವ ತನಕ ಅವಳ ಊಟ ಬಟ್ಟೆಯ ಮಾತು. ಕೊನೆಯದು ನನಗೆ ಹೊಳೆದಿರಲಿಲ್ಲ. ಒಂದಾದರೂ ತಪ್ಪು ಸಿಗಲಿ ಎಂದು ಎರಡನೆಯ ಸಲ ಓದಿದೆ. ಸಿಗಲಿಲ್ಲ.

ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡ ಮುದುಕಿ ಕೈಯನ್ನು ಹಾಗೇ ಎತ್ತಿ ಹಿಡಿದಿದ್ದಳು. “ಒತ್ತಲೇನು ತಮ್ಮಾ? ಬರೋಬ್ಬರಿ ಬರದಾನ?”

“ಬರೋಬ್ಬರಿ ಅದ ಯವ್ವಾ” ಎಂದೆ. “ನಾನ ಬರದುಕೊಟ್ಟಿದ್ರೂ ಇಷ್ಟು ಚಲೋ ಆಗ್ತಿದ್ದಿಲ್ಲ.”

ಹೊರಗೆ ಮಗನ ಕೂಗಾಟದಲ್ಲಿ ಅವಳಿಗೆ ಕೇಳಿಸಲಿಲ್ಲ. ಹೆಬ್ಬೆಟ್ಟು ಇಳಿಸಲಿಲ್ಲ.

“ಏನಂದಿ? ಜೋರ ಹೇಳು.”

ಅಂಗಡಿಯಲ್ಲಿ ಕೂತವರಿಗೆಲ್ಲ ಕೇಳುವ ಹಾಗೆ ಇನ್ನೊಮ್ಮೆ ಹೇಳಿದೆ.